ಡೇರೆಯಲ್ಲಿ ಮೊದಲ ರಾತ್ರಿ

ಬೆಂಗಳೂರಿನ ಕಂಟೋನ್ಮೆಂಟನ್ನು ಕನ್ನಡಿಗರು ‘ದಂಡು’ ಎಂದೇ ಕರೆಯುತ್ತ ಬಂದಿದ್ದಾರೆ. 1809ರಲ್ಲಿ ಸೈನ್ಯ ಇಲ್ಲಿ ಬೀಡುಬಿಟ್ಟಾಗಿನಿಂದ ಈ ಭಾಗಕ್ಕೆ ಡೇರೆ ಹೊಸದಲ್ಲ. ಆದರೆ ಹಲಸೂರಿನಿಂದಲೋ ಇಂದಿರಾನಗರದಿಂದಲೋ ಹೊರಟು, ಕೆ.ಆರ್. ಪುರ ದಾಟಿ, ಕೋಲಾರದ ಕಡೆ ಮಕ್ಕಳೊಂದಿಗೆ ಒಂದು ರಾತ್ರಿ ಬಯಲಿನಲ್ಲಿ ಕಳೆಯಬೇಕೆನ್ನುವ ಸಂಸಾರಸ್ಥರಿಗೆ ಅದು ಹೊಸದೇ.

ಇಂಥವರು ಡೇರೆಯನ್ನು ಆರಿಸುವುದರಲ್ಲೇ ಹಣವನ್ನೂ ಯೋಚನೆಯನ್ನೂ ಮುಗಿಸಿಬಿಡುವುದುಂಟು. ಮೊದಲು ಯೋಚಿಸಬೇಕಾದದ್ದು ಮೇಲಿನ ಹೊದಿಕೆಯನ್ನಲ್ಲ, ಕೆಳಗಿನ ಹಾಸನ್ನು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನಮ್ಮ ಸೀಮೆಯಲ್ಲಿ ಮಾಗಿಯ ನೆಲ ಮೈಯ ಬಿಸಿಯನ್ನು ಹೀರಿಕೊಳ್ಳುತ್ತದೆ. ಎರಡು ಕಂಬಳಿ ಹೊದಿಸಿದರೂ ಮಗು ನಡುಗುವುದು ಇದರಿಂದಲೇ. ಆದ್ದರಿಂದ ಮೊದಲು ಟಾರ್ಪಾಲು, ಅದರ ಮೇಲೆ ದಪ್ಪ ಚಾಪೆ, ಆಮೇಲೆ ಜಮಖಾನ. ಇರುವ ಎರಡು ಕಂಬಳಿಗಳಲ್ಲಿ ಒಂದು ಕೆಳಗಿರಲಿ. ಟಾರ್ಪಾಲಿನ ಅಂಚು ಡೇರೆಯಿಂದ ಆಚೆಗೆ ಚಾಚದಿರಲಿ. ಚಾಚಿದರೆ ಮಳೆನೀರು ಒಳಗೆ ಹರಿದೀತು.

ಚಳಿ ತಡೆಯದೆ ಅಗ್ಗಿಷ್ಟಿಕೆಯನ್ನು ಡೇರೆಯೊಳಗೆ ಇಟ್ಟುಕೊಳ್ಳುವ ಮನಸ್ಸಾದೀತು. ಎಂದಿಗೂ ಬೇಡ! ಇದ್ದಿಲು ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮತ್ತೆ ಏಳದೆ ಹೋಗಬಹುದು. ಒಲೆ ಯಾವಾಗಲೂ ಹೊರಗೇ ಇರಲಿ.

ಉಳಿದದ್ದು ಸುಲಭ: ತಲೆಗೊಂದು ಟಾರ್ಚು, ನಾಲ್ಕು ಹೆಚ್ಚಿನ ಗೂಟ, ಸುತ್ತಿಗೆ, ಹುರಿ, ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ಡಬ್ಬಿ. ಜಾಗಕ್ಕೆ ಸಂಬಂಧಿಸಿದವರ ಅಪ್ಪಣೆಯನ್ನೂ ಮುಂಚೆಯೇ ಪಡೆದಿರಿ.

ಕೊನೆಯದಾಗಿ, ಹೊರಡುವ ಮುನ್ನ ಒಂದು ರಾತ್ರಿ ಮನೆಯ ತಾರಸಿಯ ಮೇಲೆ, ಗೂಟದ ಬದಲು ಇಟ್ಟಿಗೆಗಳಿಗೆ ಹುರಿ ಬಿಗಿದು, ಡೇರೆಯಲ್ಲಿ ಮಲಗಿ ನೋಡಿ. ಮರೆತದ್ದೇನೆಂದು ಅಲ್ಲಿಯೇ ತಿಳಿಯುತ್ತದೆ. ಮೆಟ್ಟಿಲಿಳಿದು ಬಂದರೆ ಅದು ಕೈಗೂ ಸಿಗುತ್ತದೆ.