ಕಂಬನಿಯೊಳಗಿನ ಕೊಡುಕೊಳ್ಳುವಿಕೆ



ಶಾಲೆಯ ವ್ಯಾಕರಣ ಪುಸ್ತಕ ಆದೇಶ ಸಂಧಿಯನ್ನು ಒಂದು ಸಾಲಿನಲ್ಲಿ ಮುಗಿಸುತ್ತದೆ: ಉತ್ತರಪದದ ಮೊದಲಿನ ಕ, ತ, ಪಗಳಿಗೆ ಗ, ದ, ಬಗಳು ಆದೇಶವಾಗಿ ಬರುತ್ತವೆ. ಮಳೆಗಾಲ, ಬೆಟ್ಟದಾವರೆ, ಕಂಬನಿ. ಮಕ್ಕಳು ಬಾಯಿಪಾಠ ಮಾಡುತ್ತಾರೆ, ಅಂಕವೂ ಸಿಗುತ್ತದೆ. ಕಕಾರದ ಜಾಗಕ್ಕೆ ಗಕಾರವೇ ಏಕೆ ಬರಬೇಕು, ಲಕಾರವೋ ಮಕಾರವೋ ಏಕೆ ಬರಬಾರದು ಎಂದು ಕೇಳುವ ಹುಡುಗಿಗೆ ಮಾತ್ರ ಅಲ್ಲಿ ಉತ್ತರವಿಲ್ಲ.

ಉತ್ತರ ಧ್ವನಿಯ ಒಳಗಿದೆ. ಕ ಎನ್ನುವಾಗ ನಾಲಿಗೆಯ ಹಿಂಭಾಗ ಮೇಲಕ್ಕೆ ತಾಗಿ ಉಸಿರನ್ನು ತಡೆಯುತ್ತದೆ. ಗ ಎನ್ನುವಾಗಲೂ ಅಷ್ಟೇ. ಬೇರೆಯಾಗುವುದು ಗಂಟಲಿನಲ್ಲಿ, ಗಕಾರಕ್ಕೆ ಧ್ವನಿತಂತುಗಳು ಕಂಪಿಸುತ್ತವೆ. ತ–ದ, ಪ–ಬಗಳ ನಡುವೆ ಇರುವುದೂ ಈ ವ್ಯತ್ಯಾಸವೇ. ಹಾಗಾಗಿ ಆದೇಶಗಳು ಮೂರಲ್ಲ. ಘೋಷವೆಂಬ ಒಂದೇ ಗುಣ ನೆರೆಯ ಧ್ವನಿಯಿಂದ ಹರಿದು ಬಂದಿದೆ.

ಕಂಬನಿಯ ಕಥೆ ಇನ್ನೂ ಸೊಗಸು. ಕಣ್, ಪನಿ ಕೂಡಿದಾಗ ಪಕಾರ ತನ್ನ ಹಿಂದಿನ ಅನುನಾಸಿಕದಿಂದ ಘೋಷ ಪಡೆದು ಬಕಾರವಾಯಿತು. ಅದೇ ಹೊತ್ತಿಗೆ ಣಕಾರ ತನ್ನ ಮುಂದಿನ ಪಕಾರದಿಂದ ತುಟಿಯ ಸ್ಥಾನ ಪಡೆದು ಮಕಾರವಾಯಿತು. ಒಂದು ಗುಣ ಮುಂದಕ್ಕೆ ಹೋಯಿತು, ಇನ್ನೊಂದು ಹಿಂದಕ್ಕೆ ಬಂತು. ಧ್ವನಿ ಒಡೆಯಲಾರದ ಗಟ್ಟಿಯಾಗಿದ್ದರೆ ಈ ಕೊಡುಕೊಳ್ಳುವಿಕೆ ಎಲ್ಲಿಂದ ಬರಬೇಕು? ಅಂಕ, ಮಂಚ, ಗಂಟೆ, ದಂತ, ಕಂಬಗಳ ಐದು ಅನುನಾಸಿಕಗಳಿಗೆ ಒಂದೇ ಸೊನ್ನೆ ಸಾಕಾಗುವುದೂ ಅಲ್ಲಿ ಸ್ಥಾನ ಅವುಗಳ ಸ್ವಂತದ್ದಲ್ಲವಾದ್ದರಿಂದ. ಪಾಣಿನಿ ಇದನ್ನು ಪರಸವರ್ಣವೆಂದು ಸೂತ್ರಿಸಿದ್ದಾನೆ. ಸ್ಥಾನವನ್ನೂ ಪ್ರಯತ್ನವನ್ನೂ ಬೇರ್ಪಡಿಸಿ ನೋಡುವ ಶಿಸ್ತು ಪ್ರಾತಿಶಾಖ್ಯಗಳಲ್ಲೇ ಇದೆ.

ಧ್ವನಿಯೆಂದರೆ ಬಿಡಿ ಲಕ್ಷಣಗಳ ಕಟ್ಟು ಎಂಬ ಈ ವಿಚಾರವನ್ನು ಯೂರೋಪಿನಲ್ಲಿ ಪ್ರಾಗ್ ಪಂಥದ ಭಾಷಾವಿಜ್ಞಾನಿಗಳು ಬೆಳೆಸಿದರು. ನಿಕೊಲಾಯ್ ಟ್ರುಬೆಟ್ಸ್‌ಕಾಯ್ ಅವರ ಮೇರುಕೃತಿ ಪ್ರಕಟವಾದದ್ದು ಅವರು ತೀರಿಕೊಂಡ ಮರುವರ್ಷ, 1939ರಲ್ಲಿ. 1952ರಲ್ಲಿ ರೋಮನ್ ಯಾಕೊಬ್ಸನ್, ಗುನ್ನಾರ್ ಫಾಂಟ್, ಮಾರಿಸ್ ಹಾಲೆ ಮೂವರೂ ಸೇರಿ, ಲೋಕದ ಭಾಷೆಗಳ ಧ್ವನಿಭೇದಗಳಿಗೆ 12 ಜೋಡಿ ಲಕ್ಷಣಗಳು ಸಾಕು ಎಂದರು. ಧೈರ್ಯದ ಮಾತೇ! 1968ರಲ್ಲಿ ಚಾಮ್‌ಸ್ಕಿ ಮತ್ತು ಹಾಲೆ ಆ ಪಟ್ಟಿಯನ್ನು ಬಾಯಿಯ ಚಲನೆಗಳ ಆಧಾರದ ಮೇಲೆ ತಿದ್ದಿ ಹಿಗ್ಗಿಸಿದರು. ಆದರೆ ಅವರಲ್ಲಿ ಲಕ್ಷಣಗಳು ಒಳಗಟ್ಟು ಇಲ್ಲದ ಗುಂಪು; ಯಾವುದರೊಡನೆ ಯಾವುದು ಬೇಕಾದರೂ ಚಲಿಸಬಹುದು. ಭಾಷೆಗಳು ಅಷ್ಟು ಸ್ವೇಚ್ಛೆಯಿಂದ ನಡೆಯುವುದಿಲ್ಲ, ಸ್ಥಾನದ ಲಕ್ಷಣಗಳು ಸಾಮಾನ್ಯವಾಗಿ ಒಟ್ಟಿಗೇ ಹೋಗುತ್ತವೆ. 1985ರಲ್ಲಿ ಕ್ಲೆಮೆಂಟ್ಸ್ ಅವುಗಳನ್ನು ಮರವಾಗಿ ಜೋಡಿಸಿದರು: ಗಂಟಲಿಗೊಂದು ಕೊಂಬೆ, ಸ್ಥಾನಕ್ಕೊಂದು ಕೊಂಬೆ. ಕೊಂಬೆ ಅಲುಗಿದರೆ ಅದರಡಿಯ ಎಲ್ಲವೂ ಅಲುಗುತ್ತದೆ.

ಈ ಮರವನ್ನು ಕನ್ನಡದ ಚರಿತ್ರೆ ಚೆನ್ನಾಗಿಯೇ ಪರೀಕ್ಷಿಸುತ್ತದೆ. ಸುಮಾರು 10ನೇ ಶತಮಾನದಿಂದ ಪಾಲು ಹಾಲಾಯಿತು, ಪೂವು ಹೂವಾಯಿತು. ಸ್ಥಾನದ ಕೊಂಬೆ ಕಡಿದುಬಿತ್ತು, ಗಂಟಲ ಉಸಿರಷ್ಟೇ ಉಳಿಯಿತು. ಹಾಗಾದರೆ ಅಪ್ಪ, ತಪ್ಪು, ಕಂಪು, ತಂಪುಗಳ ಪಕಾರ ಬದುಕಿದ್ದು ಹೇಗೆ? ದ್ವಿತ್ವದಲ್ಲಿ ಒಂದೇ ಸ್ಥಾನ ಎರಡು ನೆಲೆಗಳಿಗೆ ಕಟ್ಟಿಕೊಂಡಿದೆ. ಕಂಪಿನಲ್ಲಿ ಮಕಾರ, ಪಕಾರಗಳು ತುಟಿಯ ಸ್ಥಾನವನ್ನು ಹಂಚಿಕೊಂಡಿವೆ. ಎರಡು ಕಡೆ ಕಟ್ಟಿದ್ದು ಸುಲಭಕ್ಕೆ ಕಳಚದು. (ಕಂಪು ಕಂಬು ಆಗದಿರುವುದಕ್ಕೂ ಕಾರಣವಿದೆ: ಆದೇಶ ಸಂಧಿ ಪದ ಪದ ಕೂಡುವ ಗಡಿಯ ನಿಯಮ.) ಪದಾದಿಯೇ ಮೊದಲು ಸಡಿಲಗೊಂಡಿತೆಂದು ವಾದಿಸುವವರಿಗೂ ದಾರಿಯಿದೆ. ಆದರೆ ಅಪ್ಪ, ಕಂಪುಗಳನ್ನು ಒಂದೇ ಮಾತಿನಲ್ಲಿ ವಿವರಿಸುವುದು ಈ ಮರದ ಹೆಚ್ಚುಗಾರಿಕೆ.

ಲಕ್ಷಣಗಳನ್ನೇ ಬಿಟ್ಟು, ಕಾಲದಲ್ಲಿ ಒಂದರ ಮೇಲೊಂದು ಚಾಚುವ ತುಟಿ–ನಾಲಿಗೆಗಳ ಚಲನೆಗಳಿಂದ ಧ್ವನಿಯನ್ನು ಕಟ್ಟಿದ ಬ್ರೌಮನ್ ಮತ್ತು ಗೋಲ್ಡ್‌ಸ್ಟೈನ್ ಅವರ ಮಾದರಿಯೂ ಉಂಟು. ವಾದ ಇನ್ನೂ ಮುಗಿದಿಲ್ಲ.

ಮಂಡ್ಯ–ಮೈಸೂರು ಕಡೆಯ ಹಳ್ಳಿಮಾತಿನಲ್ಲಿ ಹಾಲು ‘ಆಲು’ ಆಗುವುದನ್ನು ಉಚ್ಚಾರಣೆಯ ದೋಷವೆಂದು ನಗುವವರು ಈ ಸರಣಿಯನ್ನು ಗಮನಿಸಬೇಕು. ಪಾಲು ಸ್ಥಾನ ಕಳೆದುಕೊಂಡು ಹಾಲಾಯಿತು, ಹಾಲು ಉಸಿರನ್ನೂ ಬಿಟ್ಟು ಆಲಾಯಿತು. ದಾರಿ ಒಂದೇ, ಹೆಜ್ಜೆ ಮುಂದಿನದು. ಇನ್ನು ಮನೆಗೆಲಸವೆಂದು ಬರೆಯುವವರೇ ಮಾತಿನಲ್ಲಿ ಮನೆಕೆಲಸ ಎನ್ನುವುದುಂಟು. ಘೋಷ ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಜಿಲ್ಲಾವಾರು, ವಯಸ್ಸುವಾರು ದಾಖಲಿಸುವ ಕೆಲಸವನ್ನು ಈ ಸಮ್ಮೇಳನದ ಗೋಷ್ಠಿಗಳು ಕೈಗೆತ್ತಿಕೊಳ್ಳಬೇಕು. ಧ್ವನಿಮುದ್ರಣಕ್ಕೆ ಬೇಕಾದ ಯಂತ್ರ ಈಗ ಸಂಶೋಧಕರ ಜೇಬಿನಲ್ಲೇ ಇದೆ.