ಎಸ್ಕೇಪ್ ಆಟ ಮತ್ತು ಗಣಕ ವಿಜ್ಞಾನ: ಪರೀಕ್ಷೆ ಯಾವುದಕ್ಕೆ?



ಪರದೆಯ ಮೇಲೆ ಒಂದು ಮುಚ್ಚಿದ ಕೋಣೆ. ಗೋಡೆಯಲ್ಲಿ ಐದು ದೀಪಗಳು. ಕೆಲವು ಉರಿಯುತ್ತಿವೆ, ಕೆಲವು ಆರಿವೆ. ಮೇಜಿನ ಮೇಲೆ ಅರ್ಥವಾಗದ ಮೂರು ಅಕ್ಷರಗಳ ಚೀಟಿ. ಬಾಗಿಲಿಗೆ ಅಂಕಿಗಳ ಬೀಗ. ಸುಳಿವುಗಳನ್ನು ಕೂಡಿಸಿ ಬೀಗ ತೆರೆದವರು ಹೊರಬರುತ್ತಾರೆ. ಎಸ್ಕೇಪ್ ಆಟವೆಂದರೆ ಇದೇ. 2004ರಲ್ಲಿ ಜಪಾನಿನ ತೊಶಿಮಿತ್ಸು ತಕಗಿ ರೂಪಿಸಿದ ‘ಕ್ರಿಮ್ಸನ್ ರೂಮ್’ ಈ ಬಗೆಯ ಆಟವನ್ನು ಅಂತರ್ಜಾಲದಲ್ಲಿ ಜನಪ್ರಿಯಗೊಳಿಸಿತು. ಅದೇ ವರ್ಷ ಲಿಥುವೇನಿಯಾದಲ್ಲಿ ಪ್ರಾಧ್ಯಾಪಕಿ ವಾಲೆಂಟಿನಾ ಡಾಗಿಯೆನೆ ಅವರ ಮುಂದಾಳ್ತನದಲ್ಲಿ ‘ಬೆಬ್ರಾಸ್’ ಎಂಬ ಶಾಲಾ ಸ್ಪರ್ಧೆ ಆರಂಭವಾಯಿತು. ಗಣಕ ವಿಜ್ಞಾನವನ್ನು ಮೊದಲೇ ಕಲಿತಿರದ ಮಗುವೂ ಕೆಲವೇ ನಿಮಿಷಗಳಲ್ಲಿ ಬಿಡಿಸಬಹುದಾದ ಕಿರು ಒಗಟುಗಳೇ ಅದರ ಜೀವಾಳ. ಅಂಥ ಒಗಟುಗಳನ್ನು ಬೀಗಗಳನ್ನಾಗಿ ಜೋಡಿಸಿದರೆ, ವಿದ್ಯಾರ್ಥಿಗಳ ಗಣಕ ವಿಜ್ಞಾನದ ಸಾಮರ್ಥ್ಯವನ್ನು ಅಳೆಯುವ ಎಸ್ಕೇಪ್ ಆಟ ಸಿದ್ಧವಾಗುತ್ತದೆ.

ಇಲ್ಲಿ ಅಧ್ಯಾಪಕರು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಬೀಗ ತೆರೆಯದಿದ್ದಾಗ ಸೋತದ್ದು ಮಗುವಿನ ತರ್ಕವೋ, ಪರದೆಯ ಭಾಷೆಯೋ?

ಕೇರಳದಲ್ಲಿ 2001ರಲ್ಲಿ ಆರಂಭವಾದ ಐ.ಟಿ. ಅಟ್ ಸ್ಕೂಲ್ ಯೋಜನೆಯು 2017ರಲ್ಲಿ ಕೈಟ್ ಸಂಸ್ಥೆಯ ರೂಪ ತಾಳಿತು. 2018ರಿಂದ ಪ್ರೌಢಶಾಲೆಗಳಲ್ಲಿ ಲಿಟ್ಲ್ ಕೈಟ್ಸ್ ಘಟಕಗಳಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಗುವಿಗೆ ಐ.ಟಿ. ಪಠ್ಯಪುಸ್ತಕ ಕನ್ನಡದಲ್ಲಿಯೇ ದೊರೆಯುತ್ತದೆ. ಮನೆಯ ಮಾತು ತುಳುವೋ ಮಲಯಾಳವೋ ಕೊಂಕಣಿಯೋ ಆಗಿದ್ದರೂ ಶಾಲೆಯಲ್ಲಿ ಆ ಮಗು ಯೋಚಿಸಲು ಕಲಿತದ್ದು ಕನ್ನಡದಲ್ಲಿ. ಅಂತರ್ಜಾಲದ ಎಸ್ಕೇಪ್ ಆಟಗಳಾದರೋ ಬಹುಪಾಲು ಇಂಗ್ಲಿಷಿನಲ್ಲಿವೆ. ಸೂಚನೆಯ ಒಂದು ಪದ ತಿಳಿಯದೆ ಕುಳಿತ ವಿದ್ಯಾರ್ಥಿನಿಯನ್ನು ‘ಕಂಪ್ಯೂಟರಿನಲ್ಲಿ ಹಿಂದೆ’ ಎಂದು ಗುರುತಿಸಿದರೆ ಆಕೆಯೂ ಅದನ್ನೇ ನಂಬುತ್ತಾಳೆ. ಮುಂದೆ ಆ ವಿಷಯದ ಗೊಡವೆಗೇ ಹೋಗದಿರಬಹುದು. ಆದುದರಿಂದ ಬೀಗಗಳನ್ನು ಕನ್ನಡದಲ್ಲಿ ಕಟ್ಟುವುದು ಭಾಷಾಭಿಮಾನದ ಮಾತಷ್ಟೇ ಅಲ್ಲ, ಸರಿಯಾದ ಮೌಲ್ಯಮಾಪನದ ಮಾತು.

ಮೊದಲನೆಯ ಬೀಗ ದ್ವಿಮಾನ ಪದ್ಧತಿಯದು. ಐದು ದೀಪಗಳ ಬೆಲೆ ಎಡದಿಂದ ಬಲಕ್ಕೆ 16, 8, 4, 2, 1. ಮೊದಲನೆಯದು, ಮೂರನೆಯದು, ನಾಲ್ಕನೆಯದು ಉರಿಯುತ್ತಿದ್ದರೆ 16, 4, 2 ಕೂಡಿ 22. ಬೀಗದ ಸಂಖ್ಯೆ ಅದೇ. ಐದು ದೀಪಗಳಿಂದ 0ಯಿಂದ 31ರವರೆಗೆ 32 ಸಂಖ್ಯೆಗಳು ಮಾತ್ರ ಸಾಧ್ಯ. ಒಂದೊಂದನ್ನೇ ಒತ್ತಿ ನೋಡಿ ಬೀಗ ತೆರೆದ ಮಗುವನ್ನು ಗದರಬೇಕಾಗಿಲ್ಲ. ಹತ್ತು ದೀಪಗಳಿದ್ದರೆ ಎಷ್ಟು ಬಾರಿ ಒತ್ತಬೇಕಾಗುತ್ತಿತ್ತು ಎಂದು ಕೇಳಿದರೆ, 1024 ಎಂಬ ಉತ್ತರದೊಂದಿಗೆ ಹೊಸ ಪಾಠವೇ ತೆರೆದುಕೊಳ್ಳುತ್ತದೆ.

ಎರಡನೆಯದು ಗೂಢಲಿಪಿ. ಚೀಟಿಯಲ್ಲಿ ‘ಖಯವ’ ಎಂದಿದೆ. ಪ್ರತಿಯೊಂದು ವ್ಯಂಜನವನ್ನೂ ವರ್ಣಮಾಲೆಯಲ್ಲಿ ಒಂದು ಮನೆ ಹಿಂದಕ್ಕೆ ಸರಿಸಬೇಕು. ಆಗ ‘ಕಮಲ’ ದೊರೆಯುತ್ತದೆ. ಇಂಗ್ಲಿಷ್ ಆಟವನ್ನು ಭಾಷಾಂತರಿಸಿದರೆ ಕಾಣಸಿಗದ ಒಂದು ಸ್ವಾರಸ್ಯ ಇಲ್ಲಿದೆ. ಶಾಲೆಯ ವರ್ಣಮಾಲೆಯಲ್ಲಿ ಲಕಾರದ ಮುಂದಿನದು ವಕಾರ, ಳಕಾರ ಕೊನೆಯಲ್ಲಿ. ಗಣಕಯಂತ್ರ ಬಳಸುವ ಯೂನಿಕೋಡ್ ಪಟ್ಟಿಯಲ್ಲಾದರೋ ಲಕಾರದ ಮುಂದಿನದು ಳಕಾರ. ಆದುದರಿಂದ ಯಂತ್ರದ ಕ್ರಮದಲ್ಲಿ ‘ಕಮಲ’ವು ‘ಖಯಳ’ವಾಗುತ್ತದೆ. ಯಾವ ಕ್ರಮವೆಂದು ಮೊದಲೇ ಒಪ್ಪಿಕೊಳ್ಳದಿದ್ದರೆ ಬರೆದವನಿಗೂ ಓದುವವನಿಗೂ ತಾಳೆಯಾಗದು. ಸಂಕೇತವೆಂದರೆ ಒಪ್ಪಂದ ಎಂಬ ಮೂಲತತ್ತ್ವ ಮಕ್ಕಳಿಗೆ ಹೀಗೆ ತಾನಾಗಿ ಮನವರಿಕೆಯಾಗುತ್ತದೆ.

ಮೂರನೆಯದು ತಪ್ಪು ಹುಡುಕುವ ಬೀಗ. ಅಡ್ಡಕ್ಕೆ ಆರು, ಉದ್ದಕ್ಕೆ ಆರು ಚೌಕಗಳು. ಕೆಲವು ಕಪ್ಪು, ಕೆಲವು ಬಿಳಿ. ಪ್ರತಿ ಸಾಲಿನಲ್ಲಿಯೂ ಪ್ರತಿ ಕಂಬದಲ್ಲಿಯೂ ಕಪ್ಪು ಚೌಕಗಳ ಸಂಖ್ಯೆ ಸಮವಾಗಿರಬೇಕೆಂಬುದು ನಿಯಮ. ಯಾರೋ ಒಂದು ಚೌಕದ ಬಣ್ಣವನ್ನು ಬದಲಿಸಿದ್ದಾರೆ. ಬೆಸ ಬಂದ ಸಾಲು ನಾಲ್ಕನೆಯದು, ಬೆಸ ಬಂದ ಕಂಬ ಎರಡನೆಯದು ಆದರೆ ಅವೆರಡೂ ಕೂಡುವಲ್ಲಿ ತಪ್ಪಿದೆ. ಬೀಗದ ಸಂಖ್ಯೆ 42. ದತ್ತಾಂಶ ಸಾಗುವಾಗ ಆಗುವ ದೋಷವನ್ನು ಕಂಡುಹಿಡಿಯುವ ಒಂದು ಕ್ರಮದ ಮೂಲವೂ ಇದೇ.

ಕನ್ನಡದಲ್ಲಿ ಆಟ ಕಟ್ಟುವಾಗ ಎರಡು ಎಚ್ಚರಗಳು ಅಗತ್ಯ. ಒಂದು, ಬೀಗದ ಉತ್ತರ ಆದಷ್ಟೂ ಅಂಕಿಯಲ್ಲಿರಲಿ. ‘ಶಕ್ತಿ’ ಎಂಬುದು ಮಗುವಿಗೆ ಎರಡಕ್ಷರ. ಯಂತ್ರಕ್ಕೆ ಶ, ಕ, ವಿರಾಮ, ತ, ಇಕಾರದ ಚಿಹ್ನೆ ಎಂದು ಐದು ಸಂಕೇತಗಳು. ಎರಡಕ್ಷರದ ಪದ ಕೇಳಿದ ಬೀಗ ಸರಿಯುತ್ತರವನ್ನೇ ತಳ್ಳಿಹಾಕೀತು. ಇನ್ನೊಂದು, ‘ಅಥವಾ’ ಎಂಬ ಪದ. ‘ಕಾಫಿ ಅಥವಾ ಚಹಾ’ ಎಂದಾಗ ಎರಡರಲ್ಲಿ ಒಂದೇ ಎಂದು ಮಕ್ಕಳು ತಿಳಿಯುತ್ತಾರೆ. ‘ಕೆಂಪು ಅಥವಾ ನೀಲಿ ಗುಂಡಿ ಒತ್ತಿದರೆ ದೀಪ ಉರಿಯುತ್ತದೆ’ ಎಂಬ ತರ್ಕದಲ್ಲಿ ಎರಡನ್ನೂ ಒತ್ತಿದರೂ ದೀಪ ಉರಿಯುತ್ತದೆ. ಈ ವ್ಯತ್ಯಾಸವನ್ನು ಆಟಕ್ಕೆ ಮೊದಲೇ ತಿಳಿಸದಿದ್ದರೆ ಕನ್ನಡದ ಬೀಗವೂ ಭಾಷೆಯ ಬಲೆಯಾದೀತು.

ಅಂತರ್ಜಾಲವಿರುವ ಶಾಲೆಯಲ್ಲಿ ಗೂಗಲ್ ಫಾರ್ಮ್ ಒಂದರಲ್ಲಿಯೇ ಇದನ್ನೆಲ್ಲ ಕಟ್ಟಬಹುದು: ಸರಿಯಾದ ಸಂಖ್ಯೆ ಬರೆದರೆ ಮಾತ್ರ ಮುಂದಿನ ಪುಟ ತೆರೆಯುವಂತೆ ಮಾಡುವ ಸೌಲಭ್ಯ ಅದರಲ್ಲಿದೆ. ಅಂತರ್ಜಾಲವಿಲ್ಲದಲ್ಲಿ ಮೂರು ಲಕೋಟೆಗಳು ಸಾಕು.

ಗುಂಪಿನಲ್ಲಿ ಚುರುಕಾದ ಒಬ್ಬನೇ ಬೀಗ ತೆರೆದು, ಉಳಿದವರು ಅವನ ಬೆನ್ನು ಹಿಡಿದು ಹೊರಬರುವುದುಂಟು. ಆದುದರಿಂದ ಪ್ರತಿಯೊಂದು ಬೀಗಕ್ಕೂ ‘ಹೇಗೆ ತಿಳಿಯಿತು?’ ಎಂದು ಪ್ರತಿಯೊಬ್ಬರೂ ಒಂದು ವಾಕ್ಯ ಬರೆಯಲಿ. ಅಂಕ ನೀಡಬೇಕಾದದ್ದು ಆ ವಾಕ್ಯಕ್ಕೆ, ಗಡಿಯಾರಕ್ಕಲ್ಲ. ಹೊತ್ತು ಮೀರಿ ಕೋಣೆಯಲ್ಲಿಯೇ ಉಳಿದ ಮಗು ಬರೆದ ವಾಕ್ಯದಲ್ಲಿ ತರ್ಕ ಸರಿಯಿದ್ದು, ಒಂದು ಕೂಡುವ ಲೆಕ್ಕ ಮಾತ್ರ ತಪ್ಪಿರಬಹುದು. ಅದನ್ನು ಕಂಡು ಹೇಳುವ ಅಧ್ಯಾಪಕರು ಪಕ್ಕದಲ್ಲಿದ್ದರೆ, ಆ ಮಗು ಮುಂದಿನ ವಾರವೂ ಬೀಗದ ಮುಂದೆ ಬಂದು ಕೂರುತ್ತದೆ.