ಖಡ್ಗವೂ ಬೊಕ್ಕಸವೂ: ಅಮೆರಿಕಾ ರಾಜ್ಯಾಂಗದ ತತ್ತ್ವ



ದಳವಾಯಿಗಳ ತವರಾದ ಈ ಕಳಲೆಯಲ್ಲಿ ರಾಜ್ಯಾಂಗದ ವಿಚಾರವನ್ನು ಪ್ರಸ್ತಾಪಿಸುವುದು ಉಚಿತವೇ ಆಗಿರುತ್ತದೆ. ಈ ಊರಿನ ಮನೆತನದವರು ಮೈಸೂರಿನ ಸೇನೆಯನ್ನೂ ಬೊಕ್ಕಸವನ್ನೂ ವಶದಲ್ಲಿರಿಸಿಕೊಂಡು, 1734ರಲ್ಲಿ ಚಾಮರಾಜ ಒಡೆಯರನ್ನು ಪಟ್ಟದಿಂದಿಳಿಸಿ ಕಬ್ಬಾಳದುರ್ಗದಲ್ಲಿ ಸೆರೆಯಿಟ್ಟ ಸಂಗತಿಯನ್ನು ತಾವು ಬಲ್ಲಿರಷ್ಟೆ. 1761ರಲ್ಲಿ ಅದೇ ಅಧಿಕಾರವು ಹೈದರಾಲಿಯ ಕೈಸೇರಿತು. ಆಳುವವರು ಬದಲಾದರೇ ಹೊರತು, ಅಧಿಕಾರಕ್ಕೆ ಕಟ್ಟು ಬೀಳಲಿಲ್ಲ.

1787ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ನೆರೆದ ಪ್ರತಿನಿಧಿಗಳು ಇಂತಹ ಭಯಕ್ಕೇ ಪರಿಹಾರವನ್ನು ಅರಸಿದರು. ಅವರು ರಚಿಸಿದ 7 ವಿಧಿಗಳ ರಾಜ್ಯಾಂಗದಂತೆ ಶಾಸನಮಾಡುವ ಅಧಿಕಾರವು ಕಾಂಗ್ರೆಸ್ ಸಭೆಗೂ, ಕಾರ್ಯನಿರ್ವಾಹವು ಅಧ್ಯಕ್ಷನಿಗೂ, ನ್ಯಾಯವಿಚಾರಣೆಯು ನ್ಯಾಯಾಲಯಗಳಿಗೂ ಸೇರತಕ್ಕದ್ದು. ಅಧ್ಯಕ್ಷನು ಮಹಾಸೇನಾಧಿಪತಿಯಾದರೂ ಯುದ್ಧವನ್ನು ಸಾರುವವರು, ಹಣವನ್ನು ಒದಗಿಸುವವರು ಕಾಂಗ್ರೆಸ್ಸಿನವರು. ಅವರೂ ಭೂಸೇನೆಗೆ ಒಮ್ಮೆಗೆ 2 ವರ್ಷಗಳಿಗಿಂತ ಹೆಚ್ಚು ಕಾಲಕ್ಕೆ ಹಣವನ್ನು ಮಂಜೂರು ಮಾಡಕೂಡದು. ಅಧ್ಯಕ್ಷನು ಒಪ್ಪದೆ ಹಿಂದಿರುಗಿಸಿದ ಮಸೂದೆಯನ್ನು ಉಭಯ ಸಭೆಗಳೂ ಮೂರರಲ್ಲಿ ಎರಡು ಪಾಲು ಮತದಿಂದ ಶಾಸನವನ್ನಾಗಿ ಮಾಡಬಹುದು. ಖಡ್ಗವೂ ಬೊಕ್ಕಸವೂ ಒಂದೇ ಕೈಯಲ್ಲಿರಬಾರದೆಂಬುದೇ ಇದರ ಸಾರ.

1791ರಲ್ಲಿ ಸೇರಿದ 10 ತಿದ್ದುಪಡಿಗಳು ಮತಸ್ವಾತಂತ್ರ್ಯ, ವಾಕ್‌ಸ್ವಾತಂತ್ರ್ಯಗಳನ್ನು ಕಾಪಾಡಿದವು. ಆದರೂ ದಾಸ್ಯಪದ್ಧತಿಯನ್ನು ನಿಷೇಧಿಸುವ ತಿದ್ದುಪಡಿಯು ಬಂದುದು 1865ರಲ್ಲಿ, ಘೋರವಾದ ಅಂತರ್ಯುದ್ಧದ ತರುವಾಯ. ಗ್ರಂಥಸ್ಥವಾದ ತತ್ತ್ವವು ತಾನಾಗಿಯೇ ನ್ಯಾಯವನ್ನು ತಂದುಕೊಡಲಾರದು.

1950ರ ಜನವರಿ 26ರಿಂದ ನಮಗೂ ಲಿಖಿತ ರಾಜ್ಯಾಂಗವುಂಟು. ನಮ್ಮ ಸೇನೆಯ ವೆಚ್ಚವೂ ವರ್ಷಂಪ್ರತಿ ಲೋಕಸಭೆಯ ಒಪ್ಪಿಗೆಗೆ ಬರುತ್ತದೆ. ಆ ಸಭೆಗೆ ಪ್ರತಿನಿಧಿಗಳನ್ನು ಕಳುಹಿಸುವವರು ತಾವೇ. ಎಲ್ಲ ಅಧಿಕಾರವನ್ನೂ ತನಗೊಪ್ಪಿಸಿರೆಂದು ಯಾರೇ ಕೇಳಿದರೂ, ಎಷ್ಟೇ ಸಮರ್ಥನಾಗಿದ್ದರೂ, ಕಳಲೆಯವರಾದ ತಾವು ಕಬ್ಬಾಳದುರ್ಗವನ್ನು ನೆನೆದು ಉತ್ತರಕೊಡಬೇಕೆಂದು ಬಿನ್ನವಿಸಿ ವಿರಮಿಸುತ್ತೇನೆ.